ಗುರಾಣಿ ಬಿಡದವಳು

ನವೆಂಬರಿನ ಬಿಸಿಲು ಇಲ್ಲಿ ಮೇಲೇರುವುದೇ ಇಲ್ಲ. ಕಿಟಕಿಯ ಮಟ್ಟದಲ್ಲೇ ನಿಂತು ಅಡ್ಡಡ್ಡ ಬೀಳುತ್ತದೆ. ಕಳೆದ ವಾರ ಎಸ್-ಬಾನ್ ರೈಲು ಎಲೆಯುದುರಿದ ಮರಗಳ ಸಾಲಿನ ಪಕ್ಕ ಓಡುವಾಗ ಆ ಬಿಸಿಲು ಕೊಂಬೆಗಳ ನಡುವಿನಿಂದ ತುಂಡು ತುಂಡಾಗಿ ನನ್ನ ಮುಖಕ್ಕೆ ಬಡಿಯಿತು. ಬೆಳಕು, ನೆರಳು, ಬೆಳಕು, ನೆರಳು. ನನ್ನ ಎಡಗೈ ತಾನಾಗಿ ಎದ್ದು ಒಂದು ಕಣ್ಣನ್ನು ಮುಚ್ಚಿತು. ಬಲಗೈಯ ಹೆಬ್ಬೆರಳು ಗಾಳಿಯಲ್ಲಿ ಇಲ್ಲದ ಗುಂಡಿಯೊಂದನ್ನು ಒತ್ತಿತು. ಎದುರು ಕೂತಿದ್ದ ವಯಸ್ಸಾದ ಹೆಂಗಸು, ಎಲ್ಲ ಸರಿಯಿದೆಯಾ ಎಂದು ಜರ್ಮನ್‌ನಲ್ಲಿ ಕೇಳಿದರು. ಸರಿಯಿದೆ ಎಂದೆ. ಸರಿ ಇರಲಿಲ್ಲ.

ರೈಲು ನೆಲದಡಿಗೆ ಇಳಿದು ಉಂಟರ್‌ಫ್ಯೋರಿಂಗ್‌ನಲ್ಲಿ ನಿಂತಿತು. ನನ್ನ ಹಳೆಯ ಕಂಪನಿ ಇರುವ ನಿಲ್ದಾಣ. ಆ ಕೆಲಸ ಹೋದ ಮೇಲೆ ಎರಡು ವರ್ಷದಿಂದ ದಿನಾ ದಾಟಿ ಹೋಗುತ್ತಿದ್ದೆ, ಒಮ್ಮೆಯೂ ಇಳಿದಿರಲಿಲ್ಲ. ಅವತ್ತು ಇಳಿದೆ. ಮೇಲೆ ಇಮ್ತಿಯಾಜ್ ಭಾಯ್ ಕಾಯುತ್ತಿದ್ದರು, ನನ್ನದೊಂದು ನೋಟ್‌ಬುಕ್ ಅವರ ಬಳಿ ಉಳಿದಿತ್ತು. ಆ ನೋಟ್‌ಬುಕ್ಕಿನ ಕತೆ ಹೇಳಬೇಕೆಂದರೆ ಆ ಚಳಿಗಾಲವನ್ನು ಪೂರ್ತಿ ಹೇಳಬೇಕು.

ಮೂರು ವರ್ಷದ ಹಿಂದೆ ಅಕ್ಟೋಬರಿನಲ್ಲಿ ನನಗೆ ಇಲ್ಲಿನ ಒಂದು ಸಣ್ಣ ಗೇಮ್ ಕಂಪನಿಯಲ್ಲಿ ಟೆಸ್ಟರ್ ಕೆಲಸ ಸಿಕ್ಕಿತು. ಹಾಸನದಲ್ಲಿ ಎಂಜಿನಿಯರಿಂಗ್ ಓದಿ, ನಾಲ್ಕು ವರ್ಷ ಬ್ಯಾಂಕುಗಳ ಆ್ಯಪ್ ಪರೀಕ್ಷಿಸಿ ಬೇಸತ್ತವಳಿಗೆ ಆಟವಾಡುವುದೇ ಕೆಲಸವೆಂದರೆ ಹಬ್ಬ ಎನಿಸಿತ್ತು. ಮೊದಲ ಆರು ತಿಂಗಳು ಪ್ರೋಬೆತ್ಸೈಟ್, ಅಂದರೆ ಪರೀಕ್ಷಾರ್ಥ ಅವಧಿ. ಆ ಅವಧಿಯಲ್ಲಿ ಅವರು ಕಾರಣ ಹೇಳದೆ ನಮ್ಮನ್ನು ಕಳಿಸಬಹುದು. ಕೆಲಸ ಹೋದರೆ ವೀಸಾ ಕೂಡ ಅಲುಗಾಡುತ್ತದೆ. ಇದು ಇಲ್ಲಿರುವ ನಮ್ಮವರಿಗೆಲ್ಲ ಗೊತ್ತಿರುವ ವಿಷಯ, ಹಾಗಾಗಿ ಆ ಆರು ತಿಂಗಳು ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ.

ಎರಡನೇ ಮಹಡಿಯ ಮೂಲೆಯಲ್ಲಿ ಕಿಟಕಿಯಿಲ್ಲದ ಟೆಸ್ಟ್ ಕೋಣೆ. ಆರು ಕುರ್ಚಿ, ಆರು ಪರದೆ. ಬಿಸಿಯೇರಿದ ಪ್ಲಾಸ್ಟಿಕ್ಕಿನ ವಾಸನೆಗೆ ಹೀಟರ್ ಮೇಲೆ ಒಣಗಲು ಹಾಕಿದ ಜಾಕೆಟ್‌ಗಳ ವಾಸನೆ ಸೇರಿರುತ್ತಿತ್ತು. ಅಲ್ಲಿ ಯಜಮಾನರೆಂದರೆ ಇಮ್ತಿಯಾಜ್ ಭಾಯ್. ಐವತ್ತರ ಆಸುಪಾಸು, ಹುಬ್ಬಳ್ಳಿಯವರು, ಟೆಸ್ಟಿಂಗ್ ತಂಡದ ಮುಖ್ಯಸ್ಥರು. ಮೊದಲ ದಿನವೇ ನನ್ನ ಕೈಗೆ ಶಾಲೆ ಮಕ್ಕಳ ಗೆರೆ ನೋಟ್‌ಬುಕ್ ಒಂದನ್ನು ಇಟ್ಟರು.

"ಮೊದಲನೇ ದಿನಾ ಒಮ್ಮೆ ಹೋತಂದ್ರ ಮತ್ತ ಬರಂಗಿಲ್ಲ, ತಂಗಿ. ಆಡಿದಾಗ ಏನ್ ಅನಸ್ತದ, ಹಂಗ ಪೆನ್ನೀಲೆ ಬರೀರಿ. ಕಂಪ್ಯೂಟರ್‌ನ್ಯಾಗ ಬ್ಯಾಡ. ಅಲ್ಲಿ ಬರದ್ರ ನಾಳೆ ಶಾಣ್ಯಾರಾಗಿ ತಿದ್ದತೀರಿ."

ಆಟದಲ್ಲಿ ಹೆಂಗಸೊಬ್ಬಳು ಕೈಬಿಟ್ಟ ಗಣಿಯೊಂದಕ್ಕೆ ಇಳಿಯುತ್ತಾಳೆ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಗುರಾಣಿ. ಕೊನೆಯ ಹಂತದಲ್ಲಿ ಬೆಂಕಿಯಿಂದಲೇ ಮಾಡಿದಂಥ ಒಂದು ದೈತ್ಯ. ನಾವು ಅದನ್ನು ಕುಲುಮೆ ಎನ್ನುತ್ತಿದ್ದೆವು. ಅದರ ಹೊಡೆತವನ್ನು ಗುರಾಣಿಯಿಂದ ತಡೆಯಬಹುದು, ಪಕ್ಕಕ್ಕೆ ಜಿಗಿದು ತಪ್ಪಿಸಿಕೊಳ್ಳಲೂಬಹುದು. ನಿರ್ದೇಶಕ ಮಥಿಯಾಸ್‌ಗೆ ಕುಲುಮೆಯೆಂದರೆ ಬಲು ಹೆಮ್ಮೆ. ಈಗಿನ ಆಟಗಳು ಆಡುವವರ ಕೈ ಹಿಡಿದು ನಡೆಸುತ್ತವೆ, ನಾವು ಹಳೆಯ ಕಾಲದ ಕಷ್ಟವನ್ನು ವಾಪಸ್ ತರುತ್ತಿದ್ದೇವೆ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

ಅವನು ಅತ್ತ ಹೋದ ಮೇಲೆ ಇಮ್ತಿಯಾಜ್ ಭಾಯ್ ನಗುತ್ತಿದ್ದರು. "ಹಳೇ ಕಾಲದ ಕಷ್ಟಾ ಇವಗೇನ್ ಗೊತ್ತ? ಹುಬ್ಬಳ್ಳಿ ಬಸ್‌ಸ್ಟ್ಯಾಂಡ್ ಬಾಜೂಕ ಒಂದು ಗೇಮಿನ ಅಂಗಡಿ ಇತ್ತು. ಆ ಮಷಿನ್ ಯಾಕ ಕಷ್ಟ ಇತ್ತು ಹೇಳ್ರಿ? ನೀವ್ ಲಗೂ ಸತ್ತು ಇನ್ನೊಂದು ನಾಣ್ಯ ಹಾಕ್ಲಿ ಅಂತ. ಅದು ಕಲಾ ಅಲ್ಲ, ದಂಧೆ."

ಅವರು ಬೆಂಗಳೂರಿನಲ್ಲಿ ಕೆಲಸ ಶುರುಮಾಡಿದ್ದು ಗುಂಡಿ ಫೋನುಗಳ ಆಟಗಳನ್ನು ಪರೀಕ್ಷಿಸುತ್ತಾ. ಆಟ ಒಮ್ಮೆ ಫೋನಿನೊಳಗೆ ಹೋಯಿತೆಂದರೆ ಹೋಯಿತು, ತಿದ್ದುವ ಮಾತೇ ಇಲ್ಲ. ಒಂದು ತಪ್ಪು ಉಳಿದರೆ ಸಾವಿರಾರು ಫೋನುಗಳಲ್ಲಿ ಅದು ಶಾಶ್ವತ. ಹಾಗಾಗಿ ಬಿಡುಗಡೆಗೆ ಮುಂಚೆ ಕಾಗದದ ಮೇಲೆ ಸಹಿ ಹಾಕುವ ದಿನ ಆಟವನ್ನು ಇನ್ನೊಮ್ಮೆ ಪೂರ್ತಿ ಆಡಿ ನೋಡುತ್ತಿದ್ದರಂತೆ. ಈಗ ಆ ಹೆದರಿಕೆಯಿಲ್ಲ. ಬಿಡುಗಡೆಯ ದಿನವೇ ತಪ್ಪು ತಿದ್ದುವ ಪ್ಯಾಚ್ ಬರುತ್ತದೆ, ಮರುವಾರ ಇನ್ನೊಂದು. ಆಡುವವರು ಎಲ್ಲಿ ಸತ್ತರು, ಎಲ್ಲಿ ಬಿಟ್ಟುಹೋದರು ಎಂಬುದೆಲ್ಲ ತಾನಾಗಿ ಕಂಪನಿಗೆ ಬಂದು ಬೀಳುತ್ತದೆ. ಪರೀಕ್ಷೆಗೂ ಬಾಟ್‌ಗಳಿವೆ, ಮನುಷ್ಯರಿಲ್ಲದೆ ತಾವೇ ಆಡುವ ಪ್ರೋಗ್ರಾಂಗಳು. ನಮ್ಮ ಬಾಟ್ ಕುಲುಮೆಯೊಡನೆ ಇಡೀ ದಿನ, ಊಟ ತಿಂಡಿಯಿಲ್ಲದೆ ಸೆಣಸುತ್ತಿತ್ತು. ನಾವು ಮನುಷ್ಯರು ಅದರ ಪಕ್ಕದಲ್ಲಿ ಬ್ರೆಡ್ ತಿನ್ನುತ್ತಿದ್ದೆವು.

ಮೊದಲ ವಾರವೇ ನಾನು ಕುಲುಮೆಯನ್ನು ಎದುರಿಸಿದೆ. ಹೆದರಿ ಗುರಾಣಿ ಎತ್ತಿ ಹಿಡಿದೆ, ಇಳಿಸಲೇ ಇಲ್ಲ. ಹೊಡೆತದ ಮೇಲೆ ಹೊಡೆತ ಬಿತ್ತು. ಗುರಾಣಿಗೆ ತಾಗಿದ ಒಂದೊಂದು ಹೊಡೆತಕ್ಕೂ ಪರದೆ ಬಿಳಿಯಾಗಿ ಕೆಂಪಾಗಿ ಮಿಂಚಿತು. ಹತ್ತು ನಿಮಿಷದಲ್ಲಿ ತಲೆ ಸಿಡಿಯತೊಡಗಿತು. ನೋಟ್‌ಬುಕ್ಕಿನಲ್ಲಿ ಬರೆದೆ: "ಕುಲುಮೆ. ಗುರಾಣಿ ಹಿಡಿದೇ ಇದ್ದೆ. ಬಿಳಿ ಕೆಂಪು ಬಿಳಿ ಕೆಂಪು. ವಾಂತಿ ಬರುವ ಹಾಗಿದೆ." ಆಮೇಲೆ ಕಂಪ್ಯೂಟರಿನಲ್ಲಿ ಟಿಕೆಟ್ ಹಾಕಿದೆ. ದೋಷ ಕಂಡರೆ ಟಿಕೆಟ್ ಹಾಕುವುದು ನಮ್ಮ ಪದ್ಧತಿ. ಅಲ್ಲಿ ಮಾತ್ರ ಶಾಣ್ಯಾಳಾದೆ. "ಕೊನೆಯ ಹಂತದಲ್ಲಿ ಮಿಂಚು ಜಾಸ್ತಿ" ಎಂದಷ್ಟೇ ಬರೆದು ವಾಂತಿಯ ಮಾತು ಬಿಟ್ಟೆ.

ಮೂರು ವಾರದ ಮೇಲೆ ಟಿಕೆಟ್ ನನಗೇ ಹಿಂತಿರುಗಿ ಬಂತು. ಮತ್ತೊಮ್ಮೆ ಮಾಡಿ ತೋರಿಸಿ ಎಂದು ಕೇಳಿದ್ದರು. ಐದು ಸಲ ಆಡಿದೆ. ಒಂದು ಸಲವೂ ಮಿಂಚಿನ ಕಾಟ ಕಾಣಲಿಲ್ಲ. ಅಷ್ಟರಲ್ಲಿ ನಾನು ಆಟ ಕಲಿತಿದ್ದೆ. ಹೊಡೆತ ಬರುವ ಮುಂಚೆಯೇ ನನ್ನ ಬೆರಳು ಅವಳನ್ನು ಪಕ್ಕಕ್ಕೆ ಜಿಗಿಸುತ್ತಿತ್ತು. ಗುರಾಣಿ ಎತ್ತುವುದು ದಡ್ಡರ ಕೆಲಸವೆಂದು ಕೈಗೆ ಗೊತ್ತಾಗಿತ್ತು, ಆದರೆ ಕೈ ಅದನ್ನು ನನಗೆ ಹೇಳಿರಲಿಲ್ಲ. ಬಾಟ್‌ನ ವರದಿ ನೋಡಿದೆ. ಅದೂ ಜಿಗಿಯುತ್ತಿತ್ತು, ಅದಕ್ಕೂ ಏನೂ ಕಂಡಿರಲಿಲ್ಲ. ನೋಟ್‌ಬುಕ್ ತೆರೆಯಬೇಕಿತ್ತು. ತೆರೆಯಲಿಲ್ಲ. ಟಿಕೆಟ್ಟಿನ ಮೇಲೆ "ಮತ್ತೆ ಕಾಣಿಸಲಿಲ್ಲ" ಎಂದು ಗುರುತು ಹಾಕಿ ನಾನೇ ಮುಚ್ಚಿದೆ. ಇನ್ಯಾರೂ ಅಲ್ಲ, ನಾನೇ.

ನವೆಂಬರ್ ಕೊನೆಯಲ್ಲಿ ರೂಪಕ್ಕ ಬಂದರು. ಮೈಸೂರಿನಲ್ಲಿ ಹನ್ನೆರಡು ವರ್ಷ ಹೈಸ್ಕೂಲಿಗೆ ಲೆಕ್ಕ ಹೇಳಿಕೊಟ್ಟವರು. ಗಂಡನ ಕೆಲಸದಿಂದಾಗಿ ಇಲ್ಲಿಗೆ ಬಂದು, ಟೀಚರ್ ಕೆಲಸಕ್ಕೆ ಜರ್ಮನ್ ಸಾಲದೆ ಮನೆಯಲ್ಲಿ ಕೂತಿದ್ದರು. ಆಟವೇ ಗೊತ್ತಿಲ್ಲದವರೊಬ್ಬರು ಬೇಕು ಎಂದು ಇಮ್ತಿಯಾಜ್ ಭಾಯ್ ಹಟ ಹಿಡಿದು ಅವರನ್ನು ಅರ್ಧ ದಿನದ ಕೆಲಸಕ್ಕೆ ಸೇರಿಸಿದ್ದರು.

"ಜನ್ಮದಲ್ಲಿ ಕೇರಂ ಬಿಟ್ಟು ಇನ್ನೇನೂ ಆಡಿಲ್ಲ ಕಣೇ ವೀಣಾ," ಎಂದಿದ್ದರು ರೂಪಕ್ಕ ಮೊದಲ ದಿನ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರನ್ನು ತಿರುಗಿಸಿ ನೋಡುತ್ತಾ. "ಇದರಲ್ಲಿ ಸ್ಟ್ರೈಕರ್ ಎಲ್ಲಿದೆ?"

"ಎಲ್ಲ ಗುಂಡೀನೂ ಒತ್ತಿ ನೋಡಿ."

"ನಮ್ಮ ಎಂಟನೇ ಕ್ಲಾಸ್ ಹುಡುಗ್ರು ಲೆಕ್ಕ ಮಾಡೋದೂ ಹಿಂಗೇ."

ಎರಡು ವಾರ ಅವರು ಗಣಿಯಲ್ಲಿ ಬಿದ್ದರು, ಎದ್ದರು, ಬೈದರು. ಅವರು ಸತ್ತಾಗಲೆಲ್ಲ ಕೋಣೆಯಲ್ಲಿ ನಗು. ಡಿಸೆಂಬರಿನ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ, ಮೊದಲ ಬಾರಿ ಕುಲುಮೆಯ ಬಾಗಿಲಿಗೆ ಬಂದರು. ಹೊರಗೆ ಆ ಚಳಿಗಾಲದ ಮೊದಲ ಹಿಮ ಬೀಳುತ್ತಿತ್ತು. ಎಲ್ಲರೂ ಅದನ್ನು ನೋಡಲು ಕಾರಿಡಾರಿನ ಕಿಟಕಿಗೆ ಹೋಗಿದ್ದರು. ಕೋಣೆಯಲ್ಲಿ ನಾವಿಬ್ಬರೇ. ಆಡುವವರ ಪಕ್ಕ ಕೂತು ನೋಡುವವರು ಬಾಯಿ ಬಿಡಬಾರದು, ಸುಳಿವು ಕೊಡಬಾರದು ಎಂಬುದು ನಮ್ಮ ನಿಯಮ. ನನ್ನ ಕೈಯಲ್ಲಿ ಎರಡನೇ ಕಂಟ್ರೋಲರ್ ಇತ್ತು. ಅದರ ಒಂದು ಗುಂಡಿ ಒತ್ತಿದರೆ ಹಿಂದಿನ ಅರ್ಧ ನಿಮಿಷದ ಆಟ, ಮೂಲೆಯಲ್ಲಿ ಆಡುವವರ ಮುಖದೊಡನೆ, ವಿಡಿಯೋ ಆಗಿ ಉಳಿಯುತ್ತದೆ. ದೋಷ ಕಂಡ ಕೂಡಲೇ ಅದನ್ನು ಒತ್ತುವುದು ಟೆಸ್ಟರುಗಳಿಗೆ ರೆಪ್ಪೆ ಬಡಿದಷ್ಟು ಸಹಜ.

ಮುಂದಿನದನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ.

ರೂಪಕ್ಕ ಗುರಾಣಿ ಎತ್ತಿದರು. ಇಳಿಸಲಿಲ್ಲ. ಬಿಳಿ, ಕೆಂಪು, ಬಿಳಿ, ಕೆಂಪು. "ಬಾರೋ, ಬಾ," ಎಂದು ದೈತ್ಯನಿಗೆ ಸವಾಲು ಹಾಕಿದರು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು. ನನಗೆ ತಟ್ಟನೆ ನೆನಪಾಯಿತು. ಇದೇ ಮಿಂಚು, ಅಕ್ಟೋಬರಿನದು. ನನ್ನ ಮನಸ್ಸಿಗೆ ಆಗ ಬಂದ ಮೊದಲ ಭಾವ ಭಯವಲ್ಲ, ಖುಷಿ. ಸಿಕ್ಕಿತು! ಕಳೆದುಹೋದ ಬಗ್ ಸಿಕ್ಕಿತು! ನಿಲ್ಲಿಸಿ ಎನ್ನಬೇಕಾದವಳು ಮುಂದಕ್ಕೆ ಬಾಗಿ ನೋಡತೊಡಗಿದೆ.

ಅವರ ತಲೆ ಒಂದು ಪಕ್ಕಕ್ಕೆ ತಿರುಗಿತು, ಯಾರೋ ಕರೆದ ಹಾಗೆ. ಕಣ್ಣು ಮೇಲೆ ಹೋಯಿತು. ಕೈಗಳು ಸೆಟೆದವು, ಕುರ್ಚಿ ಜಾರಿತು, ಅವರು ನೆಲಕ್ಕೆ ಬಿದ್ದರು. ಮೈ ಪೂರ್ತಿ ಅದುರುತ್ತಿತ್ತು. ದೈತ್ಯನ ಹೊಡೆತಕ್ಕೆ ಅದುರುವಂತೆ ಮಾಡಿದ್ದ ಕಂಟ್ರೋಲರ್ ಕೂಡ ನೆಲದ ಮೇಲೆ ಗರ್ ಗರ್ ಎಂದು ಅದುರುತ್ತಾ ಅವರ ಭುಜದತ್ತ ತೆವಳುತ್ತಿತ್ತು, ದೈತ್ಯ ಇನ್ನೂ ಹೊಡೆಯುತ್ತಲೇ ಇತ್ತಲ್ಲ. ನಾನು ಏನು ಮಾಡಿದೆ? ಗುಂಡಿ ಒತ್ತಿದೆ. ಅವರತ್ತ ಹೋಗುವ ಮುಂಚೆ, ಪರದೆ ಆರಿಸುವ ಮುಂಚೆ, ನನ್ನ ಹೆಬ್ಬೆರಳು ವಿಡಿಯೋ ಉಳಿಸಿತು.

ಸದ್ದು ಕೇಳಿ ಇಮ್ತಿಯಾಜ್ ಭಾಯ್ ಓಡಿ ಬಂದರು. "ಪರದೆ ಆರಸ್ರೀ! ಏನ್ ನೋಡಾಕತ್ತೀರಿ!" ಎಂದು ಕೂಗಿದರು. ನಾನು ವೈರನ್ನೇ ಕಿತ್ತೆ. ಅವರು ಕುರ್ಚಿ ಒದ್ದು ದೂರ ಸರಿಸಿ, ತಮ್ಮ ಜಾಕೆಟ್ ಮಡಚಿ ರೂಪಕ್ಕನ ತಲೆಯಡಿ ಇಟ್ಟರು. ಅದುರುವುದು ನಿಂತ ಮೇಲೆ ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದರು. ಅಷ್ಟರಲ್ಲಿ ಯಾರೋ ಆಂಬ್ಯುಲೆನ್ಸಿಗಾಗಿ 112ಕ್ಕೆ ಫೋನ್ ಮಾಡಿದ್ದರು. ರೂಪಕ್ಕ ಕಣ್ಣು ತೆರೆದಾಗ ನನ್ನನ್ನು ನೋಡಿ, "ಬೆಲ್ ಆಯ್ತಾ?" ಎಂದರು. ಅವರು ಮೈಸೂರಿನ ಶಾಲೆಯಲ್ಲಿದ್ದರು.

ಹಿಂದೆಂದೂ ಅವರಿಗೆ ಹೀಗಾಗಿರಲಿಲ್ಲ. ಮಿನುಗುವ ಬೆಳಕಿಗೆ ಕೆಲವರ ಮಿದುಳು ಹಾಗೆ ಕೆರಳುತ್ತದೆ, ಆಗುವವರೆಗೂ ಗೊತ್ತಿರುವುದಿಲ್ಲ ಎಂದರಂತೆ ಡಾಕ್ಟರು. ಮಾತ್ರೆ ಕೊಟ್ಟು, ಬೆಳಕು ಮಿನುಗಿದರೆ ತಕ್ಷಣ ಒಂದು ಕಣ್ಣು ಮುಚ್ಚಿಕೊಳ್ಳಿ, ಸದ್ಯಕ್ಕೆ ಸೈಕಲ್ ಕೂಡ ಬೇಡ ಎಂದು ಕಳಿಸಿದ್ದರು. ಮೂರನೇ ದಿನ ಅವರ ಮನೆಗೆ ಹೋದೆ. ಸೋಫಾದ ಮೇಲೆ ಶಾಲು ಹೊದ್ದು ಕೂತಿದ್ದರು. ಕೊಟ್ಟ ಚಹಾ ಮುಟ್ಟದೆ ಹೇಳಿಬಿಟ್ಟೆ: ಈ ಮಿಂಚು ನನಗೆ ಮೊದಲೇ ಗೊತ್ತಿತ್ತು, ಟಿಕೆಟ್ ಮುಚ್ಚಿದವಳೂ ನಾನೇ, ನೀವು ಬಿದ್ದಾಗ ಗುಂಡಿ ಒತ್ತಿದವಳೂ ನಾನೇ.

ಅವರು ಲೋಟ ಪಕ್ಕಕ್ಕಿಟ್ಟರು. "ಕೆನ್ನೆಗೆ ಹೊಡೀಬೇಕು ಅನ್ಸುತ್ತೆ ಕಣೇ ನಿಂಗೆ," ಎಂದರು. "ಆದ್ರೆ ನಾನು ಲೆಕ್ಕದ ಟೀಚರ್. ಉತ್ತರ ಬರೋ ಮಗೂನ ಕರ್ದು ಲೆಕ್ಕ ಕಷ್ಟ ಇದ್ಯಾ ಅಂತ ಕೇಳಿದ್ರೆ ಇಲ್ಲ ಮಿಸ್ ಅನ್ನತ್ತೆ. ಅದು ಸುಳ್ಳು ಹೇಳಲ್ಲ. ಮೊದ್ಲು ಕಷ್ಟ ಆಗಿದ್ದನ್ನ ಮರೆತಿರುತ್ತೆ ಅಷ್ಟೆ. ಈಗ ಏನ್ ಮಾಡ್ತೀಯಾ ಹೇಳು."

"ಅದನ್ನ ತೆಗೆಸ್ತೀನಿ."

"ತೆಗೀತಾರಾ?"

"ವಿಡಿಯೋ ಇದೆ. ಅದ್ರಲ್ಲಿ ನಿಮ್ಮ ಮುಖ ಇದೆ. ಮುಖ ಕತ್ತರಿಸಿ ತೋರಿಸ್ತೀನಿ."

"ಯಾಕೆ ಕತ್ತರಿಸ್ತೀಯಾ?" ಶಾಲು ಸರಿಸಿ ನೆಟ್ಟಗೆ ಕೂತರು. "ಬಿದ್ದಿದ್ದು ನಾನು. ಮುಖ ಇರ್ಲಿ. ನಾನಂತೂ ಅದನ್ನ ನೋಡಲ್ಲ, ಅವ್ರು ನೋಡ್ಲಿ."

ಆಟದ ಬಿಡುಗಡೆಗೆ ಒಪ್ಪಿಗೆ ಕೊಡುವ ಸಭೆ ಕ್ರಿಸ್‌ಮಸ್ ರಜೆಗೆ ಮುಂಚಿನ ಶುಕ್ರವಾರ. ಬಿಡುಗಡೆಯ ಹಾಳೆಗೆ ಸಹಿ ಬೇಕಿತ್ತು: ನಿರ್ದೇಶಕನದು, ಟೆಸ್ಟಿಂಗ್ ಮುಖ್ಯಸ್ಥರದು, ಕೊನೆಯ ಹಂತ ಪರೀಕ್ಷಿಸಿದವಳದು. ಮೂರನೆಯವಳು ನಾನು. ಸಹಿ ಬಿದ್ದರೆ ಕುಲುಮೆ ಇದ್ದಹಾಗೇ ಜನರ ಮನೆಗಳಿಗೆ ಹೋಗುತ್ತದೆ.

ಮಥಿಯಾಸ್ ಕೆಟ್ಟವನಲ್ಲ. ಆಸ್ಪತ್ರೆಗೆ ಹೂವು ತೆಗೆದುಕೊಂಡು ಹೋಗಿದ್ದ. ಆದರೆ ಬಿಡುಗಡೆಯ ದಿನ ಪ್ರಕಟವಾಗಿತ್ತು. "ಅವರು ತಿಂಡಿ ತಿಂದಿರಲಿಲ್ಲವಂತೆ," ಎಂದ ಇಂಗ್ಲಿಷಿನಲ್ಲಿ. "ಆಟದ ಶುರುವಿನಲ್ಲಿ ಎಚ್ಚರಿಕೆಯ ಸಾಲು ಹಾಕಿದ್ದೇವೆ. ಮೇಲಾಗಿ ಆ ಮಿಂಚು ಯಾರಿಗೂ ಮತ್ತೆ ಕಾಣಿಸಿಲ್ಲ. ನೋಡಿ." ಕಂಟ್ರೋಲರ್ ಎತ್ತಿಕೊಂಡು ಕುಲುಮೆಯ ಎದುರು ನಿಂತ. ಎಷ್ಟು ಚೆಂದ ಆಡಿದ! ಒಂದು ಹೊಡೆತವೂ ಅವನಿಗೆ ತಾಗಲಿಲ್ಲ.

"ಗುರಾಣಿ ಎತ್ತಿ," ಎಂದೆ.

ಎತ್ತಿದ. ಹೊಡೆತ ಬಂದ ಕೂಡಲೇ ಅವನ ಬೆರಳು ಜಿಗಿಸಿತು. "ಎರಡೇ ಹೊಡೆತ, ಇಳಿಸದೆ ಹಿಡಿದುಕೊಳ್ಳಿ," ಎಂದೆ. ಮತ್ತೆ ಜಿಗಿದ. ಮೂರನೇ ಸಲವೂ ಜಿಗಿದಾಗ ಅವನಿಗೇ ನಗು ಬಂತು, ಆಮೇಲೆ ನಗು ನಿಂತಿತು. ಕೆಟ್ಟದಾಗಿ ಆಡಲು ಆ ಮನುಷ್ಯನಿಗೆ ಬರುತ್ತಿರಲಿಲ್ಲ. ಆ ಕೋಣೆಯಲ್ಲಿದ್ದ ಯಾರಿಗೂ ಬರುತ್ತಿರಲಿಲ್ಲ.

"ಬಾಟ್‌ಗೂ ಬರಂಗಿಲ್ಲ," ಎಂದರು ಇಮ್ತಿಯಾಜ್ ಭಾಯ್ ನನ್ನತ್ತ ತಿರುಗಿ. ಆಮೇಲೆ ಮಥಿಯಾಸ್‌ಗೆ ಇಂಗ್ಲಿಷಿನಲ್ಲಿ ಹೇಳಿದರು: "ಅದಕ್ಕೆ ಕಣ್ಣೇ ಇಲ್ಲ."

ವಿಡಿಯೋವನ್ನು ಹಾಗೇ ಓಡಿಸುವುದು ತಪ್ಪು, ಅಲ್ಲಿ ಇನ್ಯಾರಿಗೆ ಏನಾಗುತ್ತದೋ ಹೇಳಲಾಗದು. ಹಾಗಾಗಿ ಒಂದು ಸೆಕೆಂಡಿನ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ ತಂದಿದ್ದೆ. ಒಂದೊಂದಾಗಿ ಗೋಡೆಗೆ ಅಂಟಿಸಿದೆ. ಬಿಳಿ, ಕೆಂಪು, ಬಿಳಿ, ಕೆಂಪು. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿಂಚು ಇರಬಾರದೆಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಅಲ್ಲಿದ್ದವರು ತಾವೇ ಎಣಿಸಿದರು. ಮೂರು ಮಿಂಚಾದ ಮೇಲೂ ಮಿಂಚಿನ ಹಾಳೆಗಳು ಉಳಿದಿದ್ದವು. ಕೊನೆಯ ಸಾಲಿನಲ್ಲಿ ಮುಂದಿನ ಸೆಕೆಂಡುಗಳ ಚಿತ್ರ ಹಾಕಿದ್ದೆ. ಮೂಲೆಯ ಸಣ್ಣ ಚೌಕದಲ್ಲಿ ರೂಪಕ್ಕನ ಮುಖ: ನಾಲಿಗೆ ಕಚ್ಚಿ ನಗುತ್ತಿದ್ದ ಮುಖ, ತಿರುಗಿದ ಮುಖ, ಆಮೇಲೆ ಯಾರದೂ ಅಲ್ಲದ ಮುಖ. ಪಕ್ಕದಲ್ಲಿ ನನ್ನ ನೋಟ್‌ಬುಕ್ಕಿನ ಅಕ್ಟೋಬರ್ ಪುಟ ತೆರೆದಿಟ್ಟು, ಕನ್ನಡದಲ್ಲಿದ್ದುದನ್ನು ಓದಿ ಇಂಗ್ಲಿಷಿನಲ್ಲಿ ಹೇಳಿದೆ. ವಾಂತಿಯ ಸಾಲನ್ನೂ ಬಿಡಲಿಲ್ಲ.

"ಇದು ಕಷ್ಟ ಅಲ್ಲ," ಎಂದೆ. "ಚೆನ್ನಾಗಿ ಆಡುವವರಿಗೆ ಈ ಮಿಂಚು ಕಾಣುವುದೇ ಇಲ್ಲ. ಹೆದರಿ ಗುರಾಣಿ ಹಿಡಿದವರಿಗೆ ಮಾತ್ರ ಕಾಣುತ್ತದೆ. ಆಟ ಸೋಲಿಸಬಹುದು, ನೂರು ಸಲ ಸೋಲಿಸಲಿ. ಮನುಷ್ಯರನ್ನು ನೆಲಕ್ಕೆ ಕೆಡವುವ ಹಾಗಿಲ್ಲ. ನಾನು ಸಹಿ ಹಾಕುವುದಿಲ್ಲ."

"ನೀನು ಇನ್ನೂ ಪ್ರೋಬೆತ್ಸೈಟ್‌ನಲ್ಲಿದ್ದೀಯಾ," ಎಂದ ಮಥಿಯಾಸ್. ಬೆದರಿಕೆಯಂತೆ ಹೇಳಲಿಲ್ಲ. ಮಳೆ ಬರುತ್ತಿದೆ ಎಂದು ತಿಳಿಸುವವರ ಹಾಗೆ ಹೇಳಿದ.

"ಗೊತ್ತು."

ಇಮ್ತಿಯಾಜ್ ಭಾಯ್ ಪೆನ್ನಿನ ಟೊಪ್ಪಿ ಹಾಕಿ ಜೇಬಿಗಿಟ್ಟರು. "ನಾನೂ ಹಾಕಂಗಿಲ್ಲ," ಎಂದರು, ಕನ್ನಡದಲ್ಲೇ. ಅಲ್ಲಿದ್ದವರಿಗೆಲ್ಲ ಅರ್ಥವಾಯಿತು.

ನಾನು ಅಲ್ಲೇ ಕಂಪ್ಯೂಟರ್ ತೆರೆದು ಮುಚ್ಚಿದ್ದ ಟಿಕೆಟ್ ಮತ್ತೆ ತೆರೆದೆ. "ಮತ್ತೆ ಕಾಣಿಸಲಿಲ್ಲ" ಎಂಬ ಗುರುತು ಅಳಿಸಿದೆ. ದೋಷ ಹೇಗೆ ಮರುಕಳಿಸುತ್ತದೆಂದು ಹಂತ ಹಂತವಾಗಿ ಬರೆಯಲು ಅಲ್ಲಿ ಒಂದು ಜಾಗವಿರುತ್ತದೆ. ಅಕ್ಟೋಬರಿನಲ್ಲಿ ನಾನು ಖಾಲಿ ಬಿಟ್ಟಿದ್ದ ಜಾಗ. ಬರೆದೆ: ಒಂದು, ಮೊದಲ ಸಲ ಆಡಿ. ಎರಡು, ಹೆದರಿ. ಮೂರು, ಗುರಾಣಿ ಬಿಡಬೇಡಿ.

ಬಿಡುಗಡೆ ಮುಂದಕ್ಕೆ ಹೋಯಿತು. ಜನವರಿಯಿಡೀ ಕುಲುಮೆಯನ್ನು ತಿದ್ದಿದರು. ಮಿಂಚಿದ್ದ ಕಡೆ ಈಗ ಕಿಡಿಗಳು ನಿಧಾನವಾಗಿ ಉದುರುತ್ತವೆ. ಆಟ ಅಷ್ಟೇ ಕಷ್ಟವಾಗಿ ಉಳಿಯಿತು. ಆಡಿದವರು ಸಾಕಷ್ಟು ಬೈದರು, ಯಾರೂ ಬೀಳಲಿಲ್ಲ. ಮಾರ್ಚಿನಲ್ಲಿ ನನ್ನ ಆರು ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ಒಂದು ಕಾಗದ ಬಂತು. ಕಾರಣ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಅವರಿಗಿರಲಿಲ್ಲ. ವೀಸಾ ಉಳಿಸಿಕೊಳ್ಳಲು ಮೂರು ತಿಂಗಳು ವಿದೇಶಿಯರ ಕಚೇರಿಯ ಸಾಲಿನಲ್ಲಿ ನಿಂತು, ಮೂವತ್ತು ಕಡೆ ಅರ್ಜಿ ಹಾಕಿ, ಕೊನೆಗೆ ಕಾರಿನ ಪರದೆಗಳನ್ನು ಪರೀಕ್ಷಿಸುವ ಕೆಲಸ ಹಿಡಿದೆ. ಸಹಿ ಹಾಕಬಹುದಿತ್ತಲ್ಲ ಎಂದು ಸ್ನೇಹಿತರು ಕೇಳುತ್ತಾರೆ. ಹಾಕಬಹುದಿತ್ತು. ಮತ್ತೆ ಆ ಕುರ್ಚಿಯಲ್ಲಿ ಕೂರಿಸಿದರೆ ಆಗಲೂ ಹಾಕುವುದಿಲ್ಲ. ಆದರೆ ರೂಪಕ್ಕ ಬೀಳುವ ಮುಂಚಿನ ಆ ಅರ್ಧ ನಿಮಿಷವನ್ನು ಇನ್ನೊಂದು ಸಲ ಕೊಟ್ಟರೆ, ಗುಂಡಿಯ ಬದಲು ವೈರಿಗೆ ಕೈ ಹಾಕುತ್ತೇನೆ. ಅದನ್ನು ಯಾರೂ ಕೊಡುವುದಿಲ್ಲ. ಅದಕ್ಕೇ ನನ್ನ ಹೆಬ್ಬೆರಳು ರೈಲಿನಲ್ಲಿ ಇನ್ನೂ ಒತ್ತುತ್ತದೆ.

ಕಳೆದ ವಾರ ನಿಲ್ದಾಣದ ಮೇಲೆ ಇಮ್ತಿಯಾಜ್ ಭಾಯ್ ನಿಂತಿದ್ದರು, ಅದೇ ಜಾಕೆಟ್ ತೊಟ್ಟು. ರೂಪಕ್ಕ ಹೇಗಿದ್ದಾರೆ ಎಂದು ಕೇಳಿದರು. ಡಾಕ್ಟರು ಒಪ್ಪಿ ಬಹಳ ದಿನವಾಯಿತು, ಸೈಕಲ್ ಹೊಡೆಯುತ್ತಿದ್ದಾರೆ, ಜರ್ಮನ್ ಪರೀಕ್ಷೆಗೆ ಕೂತಿದ್ದಾರೆ, ಬರುವ ವರ್ಷ ಇಲ್ಲೇ ಲೆಕ್ಕ ಕಲಿಸುತ್ತಾರಂತೆ ಎಂದೆ.

"ನಿಮ್ಮ ನೋಟ್‌ಬುಕ್ ಕೊಡಂಗಿಲ್ಲ ತಂಗಿ," ಎಂದರು ಅವರು.

"ಅದಕ್ಕೇ ಅಲ್ವಾ ಕರೆದಿದ್ದು ನೀವು?"

"ಕೊಡೂದಕ್ಕ ಅಂತನ ಕರದೆ. ಆದ್ರ ಇವತ್ತ ಮುಂಜಾನೆ ಒಬ್ಬಾಕಿ ಹೊಸಾ ಟೆಸ್ಟರ್ ಬಂದ್ಲು. ಆ ಪುಟಾ ತೋರ್ಸಿ ಅರ್ಥಾ ಹೇಳೀನಿ. ಆಕಿ ಕನ್ನಡ ಅಕ್ಷರಾ ಬೆರಳಿಟ್ಟು ನೋಡ್ಕೋತ ಕುಂತಿದ್ಲು. ಅದು ಅಲ್ಲೇ ಇರ್ಲಿ. ನಿಮಗ ಇದು." ಬ್ಯಾಗಿನಿಂದ ಹೊಸದೊಂದು ಗೆರೆ ನೋಟ್‌ಬುಕ್ ತೆಗೆದು ಕೊಟ್ಟರು.

ಹಿಂತಿರುಗುವ ರೈಲು ಸುರಂಗದಿಂದ ಮೇಲೆ ಬಂದಾಗ ಬಿಸಿಲು ಇನ್ನೂ ಮರಗಳ ಹಿಂದೆ ನಿಂತಿತ್ತು. ಬೆಳಕು, ನೆರಳು, ಬೆಳಕು. ಈ ಸಲ ಬಲಗೈಯಲ್ಲಿ ಪೆನ್ನಿತ್ತು. ಮೊದಲ ಪುಟ ತೆರೆದು ದಿನಾಂಕ ಹಾಕಿ, ಮೊದಲ ದಿನದ ಹಾಗೆ ಅನಿಸಿದ್ದನ್ನು ತಿದ್ದದೆ ಅದರ ಕೆಳಗೆ ಬರೆದೆ: ಗುರಾಣಿ ಹಿಡಿದೇ ಇದ್ದೇನೆ. ಇಳಿಸುವುದಿಲ್ಲ.